ಬೇಕಿರುವುದು ಬೆಳಕು, ಬಿಳುಪಲ್ಲ

ಪತ್ರಿಕೆಗಳ ಶ್ರದ್ಧಾಂಜಲಿ ಪುಟದಲ್ಲಿ ಬರುವ ಫೋಟೊಗಳನ್ನು ಒಂದು ವಾರ ಸುಮ್ಮನೆ ಗಮನಿಸಿದರೆ ಸಾಕು. ಎಂಬತ್ತು ವರ್ಷ ತುಂಬು ಬಾಳು ಬಾಳಿದ ಹಿರಿಯರ ಮುಖ ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ತೆಗೆದದ್ದಾಗಿರುತ್ತದೆ. ಪಕ್ಕದಲ್ಲಿ ನಿಂತವರ ಭುಜದ ಚೂರು, ಯಾರದೋ ಸೆರಗಿನ ತುದಿ ಅಂಚಿನಲ್ಲಿ ಹಾಗೇ ಉಳಿದುಕೊಂಡಿರುತ್ತದೆ. ಹಿನ್ನೆಲೆಗೆ ತಿಳಿನೀಲಿ ತುಂಬುವ ಅವಸರದಲ್ಲಿ ಕಿವಿಯ ಸುತ್ತಲಿನ ಕೂದಲು ಸವರಿಹೋಗಿರುತ್ತದೆ. ಚಿಕ್ಕದನ್ನು ಹಿಗ್ಗಿಸಿದ್ದರಿಂದ ಕಣ್ಣು ಮಂಜುಮಂಜು. ಆ ಮನೆಯಲ್ಲಿ ನಾಲ್ಕಾರು ಫೋನುಗಳಿರುತ್ತವೆ, ಒಂದೊಂದರಲ್ಲೂ ಸಾವಿರಗಟ್ಟಲೆ ಚಿತ್ರಗಳಿರುತ್ತವೆ. ಹೋಟೆಲಿನ ಮಸಾಲೆ ದೋಸೆಯದ್ದು ಇರುತ್ತದೆ, ನಂದಿಬೆಟ್ಟದ ಸೂರ್ಯೋದಯದ್ದೂ ಇರುತ್ತದೆ. ಹಾರ ಹಾಕಿ ಗೋಡೆಗೆ ತೂಗುಹಾಕೋಣವೆಂದರೆ ಅಜ್ಜನದ್ದೊಂದು ನೆಟ್ಟಗಿನ ಫೋಟೊ ಸಿಗುವುದಿಲ್ಲ.

ಮದುವೆ ಆಲ್ಬಮ್ಮಿನ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿ ಫೋಟೊಗಳಿಗೆ ಬರವಿಲ್ಲ, ಖರ್ಚಿಗೂ ಹಿಂದುಮುಂದು ನೋಡಿಲ್ಲ. ಆದರೆ ಮದುಮಗಳ ಮುಖ ಒಂದು ಬಣ್ಣ, ಮೆಹಂದಿ ಹಚ್ಚಿದ ಕೈ ಇನ್ನೊಂದು ಬಣ್ಣ. ಕೆನ್ನೆ ಮೇಣದಷ್ಟು ನುಣುಪು. ಹುಟ್ಟಿದಾಗಿನಿಂದ ಗಲ್ಲದ ಮೇಲಿದ್ದ ಮಚ್ಚೆ ಮಾಯ. ಮದುಮಗನ ಮುಖಕ್ಕೂ ಅವನ ಕುತ್ತಿಗೆಗೂ ಹೊಂದಾಣಿಕೆಯೇ ಇಲ್ಲ.

ಎರಡೂ ಕಡೆ ನಡೆದಿರುವ ತಪ್ಪು ಒಂದೇ. ಕ್ಲಿಕ್ಕಿಸುವ ಮೊದಲು ಮುಖದ ಮೇಲೆ ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಯಾರೂ ನೋಡಿಲ್ಲ. ಆಮೇಲೆ ಆ ಕೊರತೆಯನ್ನು ಎಡಿಟಿಂಗ್‌ನಲ್ಲಿ ತುಂಬಲು ಹೊರಟಾಗ ಬೆಳಕಿನ ಬದಲು ಬಿಳುಪು ಬಂದು ಕೂತಿದೆ. ಒಳ್ಳೆಯ ಫೋಟೊ ತೆಗೆಯಲು ದುಬಾರಿ ಕ್ಯಾಮೆರಾ ಬೇಕು ಎಂದು ನಂಬಿದವರು, ಎಲ್ಲವನ್ನೂ ಆಪ್ ಸರಿಮಾಡುತ್ತದೆ ಎಂದು ನಂಬಿದವರು, ಇಬ್ಬರೂ ಮೊದಲು ಕಲಿಯಬೇಕಾದದ್ದು ಮುಖದ ಮೇಲಿನ ಬೆಳಕನ್ನು ಓದುವುದು. ಮುಖಕ್ಕೆ ಬೆಳಕು ಸರಿಯಾಗಿ ಸಿಕ್ಕರೆ ಎಡಿಟಿಂಗ್‌ಗೆ ಉಳಿಯುವ ಕೆಲಸ ತೀರಾ ಕಡಿಮೆ. ಮೈಬಣ್ಣವನ್ನು ಮುಟ್ಟುವ ಅಗತ್ಯವಂತೂ ಬರುವುದೇ ಇಲ್ಲ.

ಬೆಳಕನ್ನು ಓದುವ ವಿಷಯದಲ್ಲಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ ಗುರುದತ್ತರ ಚಿತ್ರಗಳಿಗೆ ಕಣ್ಣಾದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೊದ ಮಾಡಿನಿಂದ ಓರೆಯಾಗಿ ಇಳಿದು ಬರುವ ಬೆಳಕಿನ ಕೋಲು ಇಂದಿಗೂ ಸಿನಿಮಾ ಕಲಿಯುವವರಿಗೆ ಪಾಠ. ಅದಕ್ಕೆ ಮೂರ್ತಿಯವರು ಭಾರೀ ದೀಪಗಳನ್ನು ತರಿಸಲಿಲ್ಲ. ಎರಡು ದೊಡ್ಡ ಕನ್ನಡಿಗಳನ್ನು ಇಟ್ಟು, ಹೊರಗಿನ ಬಿಸಿಲನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸಿ ಒಳಗೆ ಹರಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಬಿಸಿಲು ಎಲ್ಲರಿಗೂ ಪುಕ್ಕಟೆಯಾಗಿಯೇ ಸಿಗುತ್ತಿತ್ತು, ಅದನ್ನು ಎಲ್ಲಿಂದ ಎಲ್ಲಿಗೆ ತಿರುಗಿಸಬೇಕೆಂಬುದು ಮೂರ್ತಿಯವರಿಗೆ ಗೊತ್ತಿತ್ತು.

ಇನ್ನೊಂದು ಉದಾಹರಣೆ ಮನೆಗಳಿಗೆ ಇನ್ನೂ ಹತ್ತಿರದ್ದು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ ಚಿತ್ರಕ್ಕೆ ಬನಾರಸಿನ ಮನೆಯೊಂದರ ಒಳ ಅಂಗಳವನ್ನು ಸ್ಟುಡಿಯೊದಲ್ಲೇ ಕಟ್ಟಬೇಕಾಯಿತು. ಅಂಥ ಮನೆಯ ಅಂಗಳಕ್ಕೆ ನೇರ ಬಿಸಿಲು ಬೀಳುವುದಿಲ್ಲ, ಮೇಲಿನ ಆಕಾಶದಿಂದ ಸೋಸಿದಂಥ ಮೆತ್ತನೆಯ ಬೆಳಕು ಇಳಿಯುತ್ತದೆ. ಸ್ಟುಡಿಯೊ ದೀಪ ನೇರವಾಗಿ ಹಾಕಿದರೆ ನೆರಳುಗಳು ಎಲ್ಲವನ್ನೂ ಬಯಲು ಮಾಡಿಬಿಡುತ್ತವೆ. ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಆ ಬಟ್ಟೆಗೆ ಬಿಟ್ಟರು. ಬಟ್ಟೆಗೆ ತಾಗಿ ಮರಳಿದ ಬೆಳಕು ಥೇಟ್ ಆಕಾಶದ ಬೆಳಕಿನಂತೆಯೇ ಮುಖಗಳ ಮೇಲೆ ಇಳಿಯಿತು. ಇದು 1956ರ ಚಿತ್ರ. ನಮ್ಮ ತೊಟ್ಟಿಮನೆಗಳಲ್ಲಿ, ಹಳ್ಳಿಮನೆಯ ಜಗಲಿಗಳಲ್ಲಿ ಅದೇ ಬೆಳಕು ದಿನಾ ಬೆಳಗ್ಗೆ ತಾನಾಗಿಯೇ ಬಂದು ಕೂರುತ್ತದೆ. ಫ್ಲ್ಯಾಟುಗಳಲ್ಲಿ ಬಾಲ್ಕನಿ ಬಾಗಿಲಿನ ಒಳಗಿನ ಎರಡು ಹೆಜ್ಜೆ ಜಾಗವೂ ಇದೇ ಗುಣದ್ದು.

ಹಾಗಾದರೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿಯ ಒಂದು ಫೋಟೊ ತೆಗೆಯುವ ಬಗೆಯನ್ನೇ ಹತ್ತಿರದಿಂದ ನೋಡಬಹುದು. ಡಿಸೆಂಬರಿನ ಬೆಳಗ್ಗೆ ಒಂಬತ್ತರ ಹೊತ್ತು. ಅಂಗಳದಲ್ಲಿ ಬಿಸಿಲಿದೆ, ಜಗಲಿಯಲ್ಲಿ ನೆರಳಿದೆ. ಬಹುತೇಕರು ಅಂಗಳದ ಕಡೆ ಬೆನ್ನು ಹಾಕಿ ಕೂತ ಅಜ್ಜಿಯನ್ನು ಒಳಗಿನಿಂದ ತೆಗೆಯುತ್ತಾರೆ, ಮುಖ ಕಪ್ಪಾಗಿ ಅಂಗಳ ಸುಣ್ಣದ ಹಾಗೆ ಬರುತ್ತದೆ. ಇಲ್ಲದಿದ್ದರೆ ‘ಬಿಸಿಲಿಗೆ ಬನ್ನಿ ಅಜ್ಜಿ’ ಎಂದು ಎಬ್ಬಿಸಿ ನಿಲ್ಲಿಸುತ್ತಾರೆ. ಆಗ ಕಣ್ಣು ಕಿರಿದಾಗುತ್ತದೆ, ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ, ಸುಲಿಯುವ ಕೈಯೂ ನಿಲ್ಲುತ್ತದೆ. ಆ ಕೈ ನಿಂತರೆ ಫೋಟೊದ ಜೀವವೇ ಹೋಯಿತು.

ಅಜ್ಜಿ ಕೂತಲ್ಲೇ ಇರಲಿ, ಮುಖ ಮಾತ್ರ ಅಂಗಳದ ಕಡೆಗೆ ಅರೆತಿರುಗಿದ್ದರೆ ಸಾಕು. ಫೋನ್ ಹಿಡಿದವರು ಅಂಗಳದ ಅಂಚಿಗೆ ಬಂದು, ಅಜ್ಜಿಯ ಕಣ್ಣಿನ ಮಟ್ಟಕ್ಕೆ ಬರುವಂತೆ ಮೆಟ್ಟಿಲ ಮೇಲೆ ಕೂರಬೇಕು. ಈಗ ಅಜ್ಜಿಯ ಕಣ್ಣಿನೊಳಗೆ ಅಂಗಳದ ಬೆಳಕು ಚಿಕ್ಕ ಚುಕ್ಕಿಯಾಗಿ ಹೊಳೆಯುತ್ತದೆ. ಆ ಚುಕ್ಕಿ ಕಂಡರೆ ಬೆಳಕು ಸರಿಯಿದೆ ಎಂದರ್ಥ, ಕಾಣದಿದ್ದರೆ ಅಜ್ಜಿಯೋ ತೆಗೆಯುವವರೋ ಇನ್ನೊಂದಿಷ್ಟು ತಿರುಗಬೇಕು. ಮಡಿಲಲ್ಲಿ ಅಥವಾ ಪಕ್ಕದಲ್ಲಿ ಬಿಳಿ ಪಂಚೆಯೊಂದು ಹಾಸಿದ್ದರೆ ಇನ್ನೂ ಒಳ್ಳೆಯದು. ಗಲ್ಲದ ಕೆಳಗಿನ ನೆರಳಿಗೆ ಅದು ಬೆಳಕನ್ನು ತಿರುಗಿಸಿ ಕೊಡುತ್ತದೆ. ಸುಬ್ರತ ಮಿತ್ರ ಸೆಟ್ಟಿನ ಮೇಲೆ ಕಟ್ಟಿಸಿದ ಬಟ್ಟೆಯ ಕೆಲಸವನ್ನು ಇಲ್ಲಿ ಪಂಚೆ ಕೆಳಗಿನಿಂದ ಮಾಡುತ್ತದೆ.

ಹಿನ್ನೆಲೆಯ ವಿಷಯಕ್ಕೆ ಬಂದರೆ, ಸುಣ್ಣ ಬಳಿದ ಗೋಡೆಯೇ ದೊಡ್ಡ ವೈರಿ. ಇದು ಅನೇಕರಿಗೆ ಹೊಳೆಯುವುದೇ ಇಲ್ಲ. ಕ್ಯಾಮೆರಾದ ಮೀಟರಿಗೆ ಎದುರಿಗಿರುವುದು ಗೋಡೆಯೋ ಮುಖವೋ ಕಂಬಳದ ಕೋಣವೋ ಗೊತ್ತಿಲ್ಲ. ಒಟ್ಟಾರೆ ದೃಶ್ಯವನ್ನು ನಡುಮಧ್ಯದ ಬೂದುಬಣ್ಣದ ಮಟ್ಟಕ್ಕೆ ತರುವುದು ಅದರ ಸ್ವಭಾವ. ಹಾಗಾಗಿ ಕಪ್ಪು ಕೋಣ ಬೂದಿ ಬಳಿದಂತೆ ಬರುತ್ತದೆ, ಬಿಳಿ ಗೋಡೆ ಮಂಕಾಗುತ್ತದೆ, ಆ ಗೋಡೆಯ ಮುಂದೆ ನಿಂತ ಕಪ್ಪು ಮೈಬಣ್ಣದವರ ಮುಖ ಇರುವುದಕ್ಕಿಂತ ಹೆಚ್ಚು ಕಪ್ಪಾಗಿ ಕಾಣುತ್ತದೆ. ಈಗಿನ ಫೋನುಗಳು ಮುಖವನ್ನು ಗುರುತಿಸಿ ಇದನ್ನು ಸ್ವಲ್ಪಮಟ್ಟಿಗೆ ತಿದ್ದಿಕೊಳ್ಳುತ್ತವೆ, ಆದರೆ ಪೂರ್ತಿ ಅಲ್ಲ. ‘ನನ್ನ ಫೋಟೊ ಬೇಡ, ಕಪ್ಪಗೆ ಬರ್ತೀನಿ’ ಎಂದು ಹಿಂದೆ ಸರಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ತಪ್ಪು ಗೋಡೆಯದ್ದು, ಮೀಟರಿನದ್ದು ಎಂದು ಯಾರೂ ಹೇಳಿಲ್ಲ. ಅದೇ ಅಜ್ಜಿಯನ್ನು ಹಳೆಯ ಮರದ ಬಾಗಿಲಿನ ಮುಂದೆ, ಬಾಳೆಗಿಡದ ಹಸಿರಿನ ಮುಂದೆ ಕೂರಿಸಿದರೆ ಮುಖವೇ ಚಿತ್ರದ ಬೆಳಗುವ ಭಾಗವಾಗುತ್ತದೆ. ಜಾಗ ಬದಲಿಸಲು ಆಗದಿದ್ದರೆ ಫೋನಿನ ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಅಲ್ಲಿಗೇ ಬಿಗಿಮಾಡಬೇಕು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಹದ ಮಾಡಬೇಕು. ಇಷ್ಟಕ್ಕೆ ಹಿಡಿಯುವುದು ಎರಡು ಸೆಕೆಂಡು.

ಇನ್ನು ದೂರದ ಲೆಕ್ಕ. ಹೆಚ್ಚಿನ ಫೋನುಗಳ ಮುಖ್ಯ ಲೆನ್ಸ್ ಅಗಲ ನೋಟದ್ದು, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 26 ಮಿಲಿಮೀಟರಿನ ಆಸುಪಾಸು. ಅದನ್ನು ಹಿಡಿದು ಒಂದೂವರೆ ಅಡಿಗೆ ಹೋದರೆ ಮೂಗು ದಪ್ಪ, ಕಿವಿ ಚಿಕ್ಕದು. ಐದಾರು ಅಡಿ ಹಿಂದೆ ಸರಿದು 2ಎಕ್ಸ್ ಒತ್ತಿದರೆ ಮುಖ ತನ್ನ ಅಳತೆಗೆ ಮರಳುತ್ತದೆ. ಗ್ರೂಪ್ ಫೋಟೊದಲ್ಲಿ ಎಲ್ಲರನ್ನೂ ಹಿಡಿಸಲೆಂದು 0.5ಎಕ್ಸ್ ಒತ್ತುವವರು ಅಂಚಿನಲ್ಲಿ ನಿಂತ ಚಿಕ್ಕಪ್ಪನನ್ನು ವಿನಾಕಾರಣ ಅಗಲ ಮಾಡುತ್ತಿರುತ್ತಾರೆ. ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಮಸುಕು ಮಾಡುವಾಗ ಮುಡಿದ ಮಲ್ಲಿಗೆ ದಂಡೆಯನ್ನೂ ಹಿನ್ನೆಲೆ ಎಂದುಕೊಂಡು ಅಳಿಸುವುದುಂಟು, ಆ ಅಂಚನ್ನು ಅಲ್ಲೇ ದೊಡ್ಡದು ಮಾಡಿ ನೋಡಿಕೊಳ್ಳಬೇಕು. ಮತ್ತೆ, ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದರೆ ಅರ್ಧದಷ್ಟು ‘ಮಂಜು’ ಅಲ್ಲೇ ಹೋಗುತ್ತದೆ.

ಮನೆಯೊಳಗೆ ಬೆಳಕಿಲ್ಲವೆಂದು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸುವುದಕ್ಕಿಂತ, ಹಗಲಿನಲ್ಲಿ ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಬಳಿ ಕೂರಿಸುವುದೇ ಮೇಲು. ಕಿಟಕಿಯ ಬೆಳಕು, ಬಲ್ಬಿನ ಬೆಳಕು ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಅದನ್ನು ಎಡಿಟಿಂಗ್‌ನಲ್ಲಿ ಬಿಡಿಸುವುದು ಪಳಗಿದವರಿಗೂ ತ್ರಾಸದ ಕೆಲಸ.

ಮದುವೆಮನೆಯಲ್ಲಿ ಈ ತ್ರಾಸ ಹತ್ತು ಪಟ್ಟು. ಕೆಂಪು, ಹಳದಿ ಪಟ್ಟೆಯ ಶಾಮಿಯಾನದೊಳಗೆ ಇಳಿಯುವ ಬಿಸಿಲು ಬಟ್ಟೆಯ ಬಣ್ಣವನ್ನು ಹೊತ್ತು ತರುತ್ತದೆ. ಹಣೆಯ ಮೇಲೆ ಹಳದಿ, ಗಲ್ಲದ ಮೇಲೆ ಕೆಂಪು. ಇಂಥ ಕಡೆ ನಾಲ್ಕು ಹೆಜ್ಜೆ ನಡೆದು ಚಪ್ಪರದ ಅಂಚಿಗೆ, ಬಯಲಿನ ಬೆಳಕು ತಾಗುವ ಕಡೆಗೆ ಬಂದು ನಿಂತರೆ ಸಾಕು. ಮಂಟಪದಲ್ಲಿ ಧಾರೆಯ ಹೊತ್ತಿಗೆ ಯಾರನ್ನೂ ಕದಲಿಸಲಾಗದು ನಿಜ. ಆದರೆ ಮನೆಯವರ ಫೋಟೊಗಳಿಗೆ, ಅಜ್ಜ ಅಜ್ಜಿಯರ ಜೊತೆಗಿನ ಫೋಟೊಗಳಿಗೆ ಛತ್ರದ ಹೊರಜಗಲಿಯಲ್ಲಿ ಹತ್ತು ನಿಮಿಷ ಎತ್ತಿಟ್ಟುಕೊಳ್ಳಬಹುದು. ಆರತಕ್ಷತೆಯಲ್ಲಿ ವಿಡಿಯೊದವರ ಎಲ್‌ಇಡಿ ದೀಪ ನೇರ ಮುಖಕ್ಕೆ ಹೊಡೆಯುವಾಗ ಮೇಕಪ್ಪಿನ ಹೊಳಪು, ಬೆವರು, ಒಡವೆ ಎಲ್ಲವೂ ಒಂದೇ ಬಿಳಿ ಕಲೆಯಾಗುತ್ತವೆ. ದೀಪವನ್ನು ಎತ್ತರಕ್ಕೆ, ಒಂದು ಪಕ್ಕಕ್ಕೆ ಸರಿಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಕೇಳುವವರು ಕಡಿಮೆ.

ಹೊತ್ತಿನ ಲೆಕ್ಕವೂ ಬೆಳಕಿನ ಲೆಕ್ಕವೇ. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ 7ಕ್ಕೆ ಹೊತ್ತುತ್ತವೆ. ಚಳಿಗಾಲದಲ್ಲಿ ಮೈಸೂರಿನ ಸೂರ್ಯ ಆರರ ಆಸುಪಾಸಿಗೇ ಮುಳುಗುವುದರಿಂದ ದೀಪ ಹೊತ್ತುವ ವೇಳೆಗೆ ಆಕಾಶ ಕಾಡಿಗೆಗಪ್ಪು. ಮೇ, ಜೂನ್ ಹೊತ್ತಿಗೆ ಸೂರ್ಯಾಸ್ತ 6.40 ದಾಟುತ್ತದೆ. ಆಗ 7 ಗಂಟೆಗೆ ಆಕಾಶದಲ್ಲಿ ಇನ್ನೂ ಗಾಢ ನೀಲಿ ಇರುತ್ತದೆ. ಗೋಪುರಗಳ ಅಂಚು ಆ ನೀಲಿಯೆದುರು ಬಿಡಿಸಿದಂತೆ ಕಾಣುತ್ತದೆ, ಮುಂದೆ ನಿಂತ ಮಕ್ಕಳ ಮುಖಕ್ಕೂ ಚೂರು ಬೆಳಕು ಉಳಿದಿರುತ್ತದೆ. ಮೋಡ ತುಸು ದಾರಿ ಬಿಟ್ಟರೆ, ದಸರೆಯ ನೂಕುನುಗ್ಗಲಿನಲ್ಲಿ ಸಿಗದ ಫೋಟೊ ಬೇಸಿಗೆ ರಜೆಯ ಒಂದು ಭಾನುವಾರ ಸಿಕ್ಕೀತು. ಕತ್ತಲಾದ ಮೇಲೆಯೇ ತೆಗೆಯಬೇಕಾಗಿ ಬಂದರೆ ಫೋನಿನ ಫ್ಲ್ಯಾಶ್ ಬೇಡ. ಇನ್ನೊಬ್ಬರ ಫೋನಿನ ಟಾರ್ಚಿಗೆ ಬಿಳಿ ಕರವಸ್ತ್ರ ಮುಚ್ಚಿ ಪಕ್ಕದಿಂದ ಹಿಡಿಯಲಿ, ನೈಟ್ ಮೋಡ್ ಹಾಕಿ ಮೂರು ಸೆಕೆಂಡು ಎಲ್ಲರೂ ಅಲುಗದೆ ನಿಲ್ಲಲಿ.

ಇಷ್ಟೆಲ್ಲ ಮಾಡಿದ ಮೇಲೂ ಮೈಬಣ್ಣ ಸರಿಯಾಗಿ ಬರುವುದಿಲ್ಲ ಎಂಬ ದೂರು ಉಳಿದರೆ, ಅದರ ಬೇರು ಹಳೆಯದು. ಕೊಡಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಇರುತ್ತಿದ್ದದ್ದು ಬಿಳಿಯ ಹೆಣ್ಣಿನ ಮುಖ. ಮೊದಲ ರೂಪದರ್ಶಿಯ ಹೆಸರಿನಿಂದ ಅದು ‘ಶೆರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಜಗತ್ತಿನ ಎಲ್ಲ ಮುಖಗಳೂ ಆ ಒಂದು ಮುಖದ ಲೆಕ್ಕದಲ್ಲಿ ಪ್ರಿಂಟಾದವು. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಈ ಇತಿಹಾಸವನ್ನು ಕೆದಕಿದಾಗ ಹೊರಬಂದ ಸಂಗತಿ ಎದೆಗೆ ಚುಚ್ಚುವಂಥದ್ದು. ಕಂದು ಬಣ್ಣದ ಸೂಕ್ಷ್ಮಗಳು ಫಿಲ್ಮಿನಲ್ಲಿ ಸರಿಯಾಗಿ ಮೂಡುತ್ತಿಲ್ಲವೆಂದು ಒತ್ತಾಯ ಹೇರಿದವರಲ್ಲಿ ಚಾಕೊಲೇಟ್ ತಯಾರಕರು, ಮರದ ಪೀಠೋಪಕರಣ ಮಾಡುವವರು ಸೇರಿದ್ದರು. ಜನರ ಮುಖಕ್ಕಾಗಿ ಆಗದ ತಿದ್ದುಪಡಿ ಮೇಜು ಕುರ್ಚಿಗಳ ಬಣ್ಣಕ್ಕಾಗಿ ಶುರುವಾಯಿತು. ಕಾರ್ಡಿನಲ್ಲಿ ಬೇರೆ ಬೇರೆ ಮೈಬಣ್ಣದವರು ಕಾಣಿಸಿಕೊಳ್ಳಲು 1990ರ ದಶಕ ಬರಬೇಕಾಯಿತು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ‘ರಿಯಲ್ ಟೋನ್’ ಎಂಬ ಸೌಲಭ್ಯ ತಂದು, ಕಪ್ಪು ಮೈಬಣ್ಣವನ್ನು ಇದ್ದಂತೆ ತೋರಿಸುವುದೇ ಅದರ ಉದ್ದೇಶ ಎಂದು ಸಾರಿತು.

ಇತ್ತ ಭಾರತದಲ್ಲಿ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. ಆದರೆ ಫೋನುಗಳ ಬ್ಯೂಟಿ ಫಿಲ್ಟರಿನಲ್ಲಿ, ಆಲ್ಬಮ್ ಡಿಸೈನ್ ಮಾಡುವ ಕಂಪ್ಯೂಟರುಗಳಲ್ಲಿ ಆ ಪದ ಇನ್ನೂ ಕೆಲಸದಲ್ಲಿದೆ. ಸೆಲ್ಫಿ ಕ್ಯಾಮೆರಾದ ಬ್ಯೂಟಿ ಸೌಲಭ್ಯ ಕೆಲವು ಫೋನುಗಳಲ್ಲಿ ಕೊಂಡ ದಿನದಿಂದಲೇ ಆನ್ ಆಗಿರುತ್ತದೆ. ಮೊದಲು ಮಾಡಬೇಕಾದ ಎಡಿಟಿಂಗ್ ಎಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆರಿಸುವುದು. ಹತ್ತು ವರ್ಷದ ಹುಡುಗಿ ದಿನಾ ತನ್ನ ಮುಖವನ್ನು ಬಿಳುಪಾಗಿಯೇ ನೋಡಿಕೊಂಡು ಬೆಳೆದರೆ ಕನ್ನಡಿಯ ಮುಂದೆ ನಿಂತಾಗ ಅವಳಿಗೆ ಏನನ್ನಿಸಬಹುದು? ಈ ಪ್ರಶ್ನೆಯನ್ನು ತಂದೆತಾಯಿಗಳು ತಮಗೆ ತಾವೇ ಕೇಳಿಕೊಳ್ಳಲೇಬೇಕು.

ಎಡಿಟಿಂಗ್ ಮಾಡುವುದೇ ಮೋಸ ಎಂದು ವಾದಿಸುವವರೂ ಇದ್ದಾರೆ. ಅದೂ ಸರಿಯಲ್ಲ. ಹಿಂದೆ ನಮ್ಮೂರಿನ ಸ್ಟುಡಿಯೊಗಳಲ್ಲಿ ಸೀಸದ ಕಡ್ಡಿಯನ್ನು ಸೂಜಿಯಂತೆ ಹರಿತ ಮಾಡಿ ನೆಗೆಟಿವ್ ಮೇಲೆ ಟಚಿಂಗ್ ಮಾಡುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದ ಜಾಗ ಪ್ರಿಂಟಿನಲ್ಲಿ ತಿಳಿಯಾಗುವುದರಿಂದ ಕಣ್ಣಿನ ಕೆಳಗಿನ ಗೆರೆಗಳು ಅಷ್ಟಕ್ಕೇ ಮೃದುವಾಗುತ್ತಿದ್ದವು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರಂದು ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಮೂಡಿದ ಚಂದ್ರನ ಚಿತ್ರ ತೆಗೆದರು. ಅವಸರದಲ್ಲಿ ಮೀಟರ್ ಕೈಗೆ ಸಿಗಲಿಲ್ಲ, ಚಂದ್ರನ ಪ್ರಕಾಶ ಎಷ್ಟೆಂದು ನೆನಪಿದ್ದದ್ದರಿಂದ ಅದರ ಮೇಲೆಯೇ ಲೆಕ್ಕ ಹಾಕಿದರು. ಎರಡನೆಯ ಚಿತ್ರಕ್ಕೆ ಅಣಿಯಾಗುವಷ್ಟರಲ್ಲಿ ಚಿತ್ರದಲ್ಲಿದ್ದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆ ಒಂದೇ ನೆಗೆಟಿವ್‌ನಿಂದ ಮುಂದಿನ ದಶಕಗಳಲ್ಲಿ ಅವರು ಮತ್ತೆ ಮತ್ತೆ ಪ್ರಿಂಟ್ ಹಾಕಿದರು. ಮೊದಮೊದಲು ಮೋಡದೆಳೆಗಳಿದ್ದ ಬೂದು ಆಕಾಶ ಕೊನೆಯ ಪ್ರಿಂಟುಗಳಲ್ಲಿ ಕಡುಗಪ್ಪಾಗಿದೆ. ಬೇಕಾದ ಕಡೆ ಬೆಳಕನ್ನು ಕೈಯಿಂದ ತಡೆಯುವುದು, ಬೇಕಾದ ಕಡೆ ಹೆಚ್ಚು ಹೊತ್ತು ಬಿಡುವುದು, ಇದು ಡಾರ್ಕ್‌ರೂಮಿನ ವಿದ್ಯೆ. ಫೋಟೊಶಾಪಿನ ‘ಡಾಡ್ಜ್’ ಮತ್ತು ‘ಬರ್ನ್’ ಸಲಕರಣೆಗಳು ಆ ಹೆಸರುಗಳನ್ನೇ ಉಳಿಸಿಕೊಂಡಿವೆ, ‘ಬರ್ನ್’ ಚಿಹ್ನೆಯಲ್ಲಿ ಇಂದಿಗೂ ಮಡಿಸಿದ ಕೈಯೇ ಇದೆ.

ಹಾಗಾಗಿ ಎಡಿಟಿಂಗ್‌ನಲ್ಲಿ ಮುಟ್ಟಬೇಕಾದದ್ದು ಬೆಳಕನ್ನು. ಸ್ನ್ಯಾಪ್‌ಸೀಡ್‌ನಂಥ ಪುಕ್ಕಟೆ ಆಪ್ ಇದ್ದರೂ ಸಾಕು. ಕಂಪ್ಯೂಟರಿದ್ದವರಿಗೆ ಡಾರ್ಕ್‌ಟೇಬಲ್ ಕೂಡ ಪುಕ್ಕಟೆಯೇ. ಮೊದಲು ಫೋನಿನ ಕಣ್ಣಿಗೆ ಹಿತವೆನ್ನುವ ಹಳದಿ ಪರದೆಯ ಸೌಲಭ್ಯವನ್ನು ಆರಿಸಬೇಕು, ಇಲ್ಲದಿದ್ದರೆ ಹಳದಿ ಪರದೆಯಲ್ಲಿ ಸರಿಯೆಂದು ಕಂಡ ಬಣ್ಣ ಬೇರೆಯವರ ಫೋನಿನಲ್ಲಿ ನೀಲಿಗಟ್ಟುತ್ತದೆ. ಬಿಸಿಲಲ್ಲಿ ನಿಂತು ಎಡಿಟ್ ಮಾಡಿದ್ದು ರಾತ್ರಿ ನೋಡಿದಾಗ ಕಣ್ಣು ಕುಕ್ಕುತ್ತದೆ, ನೆರಳಲ್ಲಿ ಕೂತು ಮಾಡಬೇಕು. ಸೊಟ್ಟಗಿದ್ದರೆ ನೆಟ್ಟಗೆ ಮಾಡಿ, ಅಂಚಿನ ಬೇಡದ್ದನ್ನು ಕತ್ತರಿಸಿ, ಆಮೇಲೆ ಬೆಳಕಿಗೆ ಬರಬೇಕು. ಹೈಲೈಟ್ಸ್ ತುಸು ಇಳಿಸಿದರೆ ಜರಿಯಂಚಿನ ನೇಯ್ಗೆ ಕಾಣುತ್ತದೆ, ಶ್ಯಾಡೋಸ್ ತುಸು ಏರಿಸಿದರೆ ಕಣ್ಣಿನ ಗುಳಿ ತೆರೆಯುತ್ತದೆ. ತುಸು ಎಂಬುದನ್ನು ಒತ್ತಿ ಹೇಳಬೇಕು. ಶ್ಯಾಡೋಸನ್ನು ಕೊನೆಯವರೆಗೂ ಎಳೆದ ಫೋಟೊದಲ್ಲಿ ನೆರಳೇ ಇರುವುದಿಲ್ಲ, ನೆರಳಿಲ್ಲದ ಮೂಗು ಚಪ್ಪಟೆ.

ಬಣ್ಣ ಹದವಾಗಿದೆಯೇ ಎಂದು ತಿಳಿಯಲು ಹೊರಗಿನವರು ಬೂದುಬಣ್ಣದ ಕಾರ್ಡು ಇಟ್ಟುಕೊಳ್ಳುತ್ತಾರೆ. ಕನ್ನಡ ಮನೆಗಳಲ್ಲಿ ಅದಕ್ಕಿಂತ ಚೆನ್ನಾಗಿ ಎಲ್ಲರಿಗೂ ಗೊತ್ತಿರುವ ಬಣ್ಣಗಳಿವೆ. ಅರಿಶಿನ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದರೆ ಚಿತ್ರ ನೀಲಿ ಕಡೆಗೆ ವಾಲಿದೆ. ಕುಂಕುಮ ಕಿತ್ತಳೆಯಾಗಿದ್ದರೆ ಹಳದಿ ಹೆಚ್ಚಾಗಿದೆ. ಬಾಳೆ ಎಲೆಯ ಹಸಿರು ಪ್ಲಾಸ್ಟಿಕ್ಕಿನಂತಿದ್ದರೆ ಸ್ಯಾಚುರೇಶನ್ ಅತಿಯಾಗಿದೆ. ಒಂದು ಎಚ್ಚರ ಬೇಕು. ಬಿಳಿ ಪಂಚೆಯನ್ನೇ ‘ಶುದ್ಧ ಬಿಳಿ’ ಎಂದು ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ, ಒಗೆಯುವಾಗ ಹಾಕಿದ ನೀಲಿಯಿಂದಾಗಿ ಲೆಕ್ಕ ತಪ್ಪಿ ಮುಖಗಳಿಗೆಲ್ಲ ಹಳದಿ ಬಡಿಯುತ್ತದೆ. ಧಾರೆ ಸೀರೆ ಕಡುಗೆಂಪಾಗಿದ್ದರೆ ಇನ್ನೊಂದು ತೊಡಕಿದೆ. ಕ್ಯಾಮೆರಾದಲ್ಲಿ ಕೆಂಪು ಬಣ್ಣದ ಪಾಲು ಉಳಿದವುಗಳಿಗಿಂತ ಮೊದಲೇ ತುಂಬಿ ತುಳುಕುವುದರಿಂದ ಮಡಿಕೆಗಳೆಲ್ಲ ಕಾಣೆಯಾಗಿ ಸೀರೆ ಒಂದು ಕೆಂಪು ಕಲೆಯಾಗುತ್ತದೆ. ತೆಗೆಯುವಾಗಲೇ ಬೆಳಕನ್ನು ಒಂದು ಚೂರು ತಗ್ಗಿಸಿಕೊಳ್ಳುವುದು ಇದಕ್ಕೆ ಮದ್ದು. ಕ್ಯಾಮೆರಾದವರು ರಾ ಫೈಲ್ ತೆಗೆದರೆ ತಿದ್ದಲು ಅವಕಾಶ ದೊಡ್ಡದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ 12 ಬಿಟ್ ರಾ ಫೈಲಿನಲ್ಲಿ 4096 ಇರುತ್ತವೆ.

ತಿದ್ದುವುದಕ್ಕೆ ಗಡಿ ಎಲ್ಲಿ? ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತರಾದ ಸ್ಟೀವ್ ಮೆಕ್‌ಕರಿ ಅವರ ಕ್ಯೂಬಾದ ಚಿತ್ರವೊಂದು 2016ರಲ್ಲಿ ಇಟಲಿಯಲ್ಲಿ ಪ್ರದರ್ಶನಗೊಂಡಾಗ, ರಸ್ತೆಯ ಕಂಬದ ತುಂಡೊಂದು ತನ್ನ ಜಾಗ ಬಿಟ್ಟು ಬೇರೆಲ್ಲೋ ಇರುವುದನ್ನು ನೋಡುಗರೊಬ್ಬರು ಪತ್ತೆಹಚ್ಚಿದರು. ಹುಡುಕುತ್ತ ಹೋದಂತೆ, ಬಾಂಗ್ಲಾದೇಶದ ಮಳೆಯಲ್ಲಿ ಆಡುತ್ತಿದ್ದ ಮಕ್ಕಳ ಚಿತ್ರದ ಒಂದು ಪ್ರತಿಯಲ್ಲಿ ಇದ್ದ ಹುಡುಗ ಇನ್ನೊಂದರಲ್ಲಿ ಇಲ್ಲದಿರುವುದೂ ಹೊರಬಿತ್ತು. 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ರಾಜಕುಮಾರಿ ಕೇಟ್ ಮಕ್ಕಳೊಂದಿಗಿನ ಫೋಟೊ ಬಿಡುಗಡೆ ಮಾಡಿದಾಗ ಮಗಳ ತೋಳಿನ ಅಂಚು ಹೊಂದದ್ದನ್ನು ಕಂಡು ಎಪಿ, ರಾಯಿಟರ್ಸ್, ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಚಿತ್ರವನ್ನು ಹಿಂಪಡೆದವು. ತಾನೇ ಎಡಿಟ್ ಮಾಡಿದ್ದೆಂದು ಆಕೆ ಕ್ಷಮೆ ಕೇಳಬೇಕಾಯಿತು. ಸುದ್ದಿಚಿತ್ರದಲ್ಲಿ ಬೆಳಕು ತಿದ್ದಬಹುದು, ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಮನೆಯ ಫೋಟೊಗೆ ಇಷ್ಟು ಕಟ್ಟುನಿಟ್ಟು ಬೇಡ. ಹಿಂದೆ ತೂಗಾಡುವ ಪ್ಲಾಸ್ಟಿಕ್ ಚೀಲವನ್ನು ಅಳಿಸಿದರೆ ಯಾರಿಗೂ ನಷ್ಟವಿಲ್ಲ. ಮುಖದ ಮಟ್ಟಿಗೆ ಮಾತ್ರ ಒಂದು ಅಳತೆಗೋಲು ಇಟ್ಟುಕೊಳ್ಳಬಹುದು: ಮುಂದಿನ ವಾರ ಹೋಗಿಬಿಡುವ ಮೊಡವೆಯನ್ನು ತೆಗೆಯಬಹುದು, ಜೀವಮಾನವಿಡೀ ಜೊತೆಗಿರುವ ಮಚ್ಚೆ, ಸುಕ್ಕು, ಮೈಬಣ್ಣ ಹಾಗೇ ಇರಬೇಕು. ಕನ್ನಡದ ಲೇಖಕರ ಮುಖಗಳನ್ನು ದಶಕಗಳ ಕಾಲ ಸೆರೆಹಿಡಿದ ಎ.ಎನ್. ಮುಕುಂದ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಿದವರಿಗೆ, ಹಣೆಯ ಗೆರೆಗಳನ್ನು ಅಳಿಸಿದ್ದರೆ ಅಲ್ಲಿ ಏನು ಉಳಿಯುತ್ತಿತ್ತು ಎಂಬುದನ್ನು ವಿವರಿಸಬೇಕಾಗಿಲ್ಲ.

ಈಚೆಗೆ ಎಐ ಆಪ್‌ಗಳು ಹಳೆಯ ಮಸುಕು ಫೋಟೊವನ್ನು ಒಂದೇ ಒತ್ತಿಗೆ ಸ್ಪಷ್ಟ ಮಾಡಿಕೊಡುತ್ತವೆ. ಶ್ರದ್ಧಾಂಜಲಿಗೆ ಫೋಟೊ ಹುಡುಕುವವರಿಗೆ ಇದು ವರದಂತೆ ಕಾಣುತ್ತದೆ. ಆದರೆ ಅಲ್ಲಿ ಹೊಸದಾಗಿ ಮೂಡುವ ರೆಪ್ಪೆ, ಹಲ್ಲು, ಕಣ್ಣುಗುಡ್ಡೆಗಳು ಅಜ್ಜನವಲ್ಲ. ಲಕ್ಷಾಂತರ ಬೇರೆ ಮುಖಗಳಿಂದ ಕಲಿತದ್ದನ್ನು ಆ ತಂತ್ರಾಂಶ ಊಹಿಸಿ ತುಂಬಿರುತ್ತದೆ. ಮಸುಕಾದ ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಅಳಿಸಬಾರದು, ಹಳೆಯ ಪ್ರಿಂಟ್ ಇದ್ದರೆ ಸ್ಕ್ಯಾನ್ ಮಾಡಿಸಿ ಅದನ್ನೂ ಇಟ್ಟುಕೊಳ್ಳಬೇಕು.

ತೆಗೆದ ಫೋಟೊ ಉಳಿಯುವುದು ಬೇರೆಯೇ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅದು ಐದಿಂಚಿನ ಪ್ರಿಂಟಿಗೆ ಸಾಕು, ಗೋಡೆಗೆ ಹಾಕುವ 12x18 ಇಂಚಿನ ಪ್ರಿಂಟಿಗೆ 3600x5400 ಪಿಕ್ಸೆಲ್ ಬೇಕು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಅಳತೆ ಉಳಿಯುತ್ತದೆ. ಹಬ್ಬದ ಮಾರನೆಯ ದಿನ ಅರ್ಧ ಗಂಟೆ ಕೂತು ನೂರರಲ್ಲಿ ಹತ್ತನ್ನು ಆರಿಸಿ ಉಳಿದದ್ದನ್ನು ಅಳಿಸುವ ಅಭ್ಯಾಸ ಕಣ್ಣನ್ನು ಪಳಗಿಸುತ್ತದೆ. ಯಾವುದನ್ನು ಏಕೆ ಬಿಟ್ಟೆವೆಂದು ಕೇಳಿಕೊಂಡರೆ ಮುಂದಿನ ಸಲ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಆ ಹತ್ತರಲ್ಲಿ ಒಂದನ್ನಾದರೂ ಪ್ರಿಂಟ್ ಹಾಕಿಸಬೇಕು.

ಮುಂದಿನ ಲಗ್ನಗಳಿಗೆ ಫೋಟೊದವರನ್ನು ಗೊತ್ತುಮಾಡುವ ಮನೆಯವರು ಪ್ಯಾಕೇಜಿನಲ್ಲಿ ಎಷ್ಟು ಹಾಳೆ, ಡ್ರೋನ್ ಇದೆಯೇ ಎಂದು ಕೇಳುವ ಜೊತೆಗೆ ಮೂರು ಮಾತುಗಳನ್ನು ಬರವಣಿಗೆಯಲ್ಲೇ ಹಾಕಿಸಿಕೊಳ್ಳಬೇಕು. ಬಣ್ಣದ ಹದ ಮಾಡಿ, ಮುಖ ಬೆಳ್ಳಗೆ ಮಾಡಬೇಡಿ ಎಂಬುದು ಒಂದು. ಆಲ್ಬಮ್ ಪ್ರಿಂಟಿಗೆ ಹೋಗುವ ಮೊದಲು ಹುಡುಗ ಹುಡುಗಿ ಇಬ್ಬರೂ ಪುಟಗಳನ್ನು ನೋಡಿ ಒಪ್ಪಬೇಕು ಎಂಬುದು ಎರಡನೆಯದು. ಎಡಿಟ್ ಮಾಡದ ಮೂಲ ಫೈಲುಗಳನ್ನೂ ಹಾರ್ಡ್ ಡಿಸ್ಕಿನಲ್ಲಿ ಕೊಡಬೇಕು ಎಂಬುದು ಮೂರನೆಯದು. ಪಳಗಿದ ಫೋಟೊಗ್ರಾಫರುಗಳಿಗೆ ಇದು ಹೊರೆಯಲ್ಲ. ಗಿರಾಕಿ ಬೆಳ್ಳಗೆ ಕೇಳುತ್ತಾರೆಂಬ ಒಂದೇ ಕಾರಣಕ್ಕೆ ರಾತ್ರಿಯಿಡೀ ಕೂತು ಮುಖ ತಿಕ್ಕುವವರೇ ಅವರಲ್ಲಿ ಹೆಚ್ಚು. ಮುಂಗಡ ಕೊಡುವ ದಿನವೇ ಹುಡುಗಿಯ ಮನೆಯವರು ಈ ಮಾತು ಎತ್ತಿದರೆ ಆ ರಾತ್ರಿಗಳು ಅವರಿಗೂ ಉಳಿಯುತ್ತವೆ.